ನಮ್ಮವರ ಚಿಟಿಕೆ

ಗಾಳಿ ಮಗ್ಗುಲಾದ ಮಾರನೆಯ ಬೆಳಗ್ಗೆ ಹೊಸಬರು ಯಾರಾದರೂ ನಮ್ಮೂರಿಗೆ ಬಂದರೆ ಇಲ್ಲಿಯವರಿಗೆಲ್ಲ ತಲೆ ಕೆಟ್ಟಿದೆ ಎಂದೇ ತಿಳಿದಾರು. ಒಬ್ಬರು ಬಾಗಿಲ ಚಿಲಕವನ್ನು ಮೂಸುತ್ತಿರುತ್ತಾರೆ. ಇನ್ನೊಬ್ಬರು ಒಣಗಿದ ಹಲಸಿನ ಎಲೆಯ ಮೇಲೆ ಮೆಲ್ಲಗೆ ಕಾಲಿಟ್ಟು ಕಿವಿಗೊಟ್ಟು ನಿಂತಿರುತ್ತಾರೆ. ಅಂಚೆ ಕಚೇರಿಯ ಗುಮಾಸ್ತರು ಬಿಸಿ ಲೋಟವನ್ನು ಕೆನ್ನೆಗೆ ಒತ್ತಿ, ಹಣೆಗೆ ಒತ್ತಿ, ಕೊನೆಗೆ ಪಂಚೆ ಸರಿಸಿ ಮಂಡಿಗೂ ಒತ್ತಿ, "ಊಹೂಂ, ಇದೂ ಅಲ್ಲ" ಎಂದು ತಲೆ ಆಡಿಸುತ್ತಿರುತ್ತಾರೆ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ನಗುವವರ ಪಾಡೂ ಅವತ್ತು ಅದೇ ಆಗಿರುತ್ತದಲ್ಲ.

ವರ್ಷಕ್ಕೊಮ್ಮೆ, ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಗಾಳಿ ಹೊಳೆಯ ಕಡೆಯಿಂದ ಬೀಸತೊಡಗಿದ ದಿನ, ನಮ್ಮೂರಿನ ಸಣ್ಣ ಸುಖಗಳೆಲ್ಲ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಹೋಗಿಬಿಡುತ್ತವೆ. ದೊಡ್ಡ ಸುಖಗಳಿಗೆ ಏನೂ ಆಗುವುದಿಲ್ಲ. ಮಗಳ ಮದುವೆ, ಹೊಸ ಮನೆ, ಓರಗಿತ್ತಿಯ ಸೋಲು, ಇವೆಲ್ಲ ಯಾರದು ಅವರಿಗೇ ಇರುತ್ತವೆ. ಆದರೆ ದಿನವೂ ಒಂದು ಗಳಿಗೆ ಬಂದು ಮುಖ ತೋರಿಸಿ ಹೋಗುವ ಪುಟ್ಟ ಸುಖ ಒಂದಿದೆಯಲ್ಲ, ಅದು ತಲೆಗೆ ಒಂದೇ. ನಾವದನ್ನು ಚಿಟಿಕೆ ಎನ್ನುತ್ತೇವೆ. ನಿನ್ನೆಯವರೆಗೆ ಯಾವ ಕಾಫಿಯ ಮೊದಲ ಗುಟುಕಿಗೆ ಪ್ರಾಣ ಬಿಡುತ್ತಿದ್ದಿರೋ ಅದು ಇವತ್ತು ಬರೀ ಬಿಸಿನೀರು. ನಿಮ್ಮ ಹೊಸ ಚಿಟಿಕೆ ಇನ್ನೆಲ್ಲೋ ಕೂತಿರುತ್ತದೆ, ತಡಕಬೇಕು.

ತಡಕುವುದಕ್ಕೂ ಒಂದು ರೀತಿ ರಿವಾಜಿದೆ. ತಡಕುವವರ ಎದುರು ಉಳಿದವರು ಬಾಯಿ ಬಿಡಬಾರದು, ಮಾತಿನ ಸದ್ದಿಗೆ ಚಿಟಿಕೆ ಹೆದರಿ ಅಡಗುತ್ತದೆ ಎಂದು ಹಿರಿಯರ ಮಾತು. ಸಿಕ್ಕಿದ ಮೇಲೆ ಬೀದಿಗೆಲ್ಲ ಬೆಲ್ಲ ಹಂಚಿ, ನನ್ನದು ಇಂಥದ್ದು ಎಂದು ಹೇಳಬೇಕು. ಆಗ ಹಿಂದಿನ ವರ್ಷ ಅದು ಯಾರದಾಗಿತ್ತೋ ಅವರೇ ಬಂದು ಅದರ ಮರ್ಮ ಕಲಿಸಿ ಹೋಗುತ್ತಾರೆ. ಇದಕ್ಕೆ ದಾಟಿಸುವುದು ಎಂದು ಹೆಸರು. ಒಂದು ವರ್ಷ ಕೋಳಿಪುಕ್ಕದಿಂದ ಕಿವಿ ತುರಿಸಿಕೊಳ್ಳುವ ಸುಖ ನಮ್ಮ ಅರ್ಚಕರ ಪಾಲಿಗೆ ಬಂದುಬಿಟ್ಟಿತು. ಕೋಳಿ ಅಂಗಡಿಯ ಮಸ್ತಾನ್ ಸಾಬರು ಬಾಗಿಲು ಮುಚ್ಚಿ ಬಂದು, ಗುಡಿಯ ಹಿಂದಿನ ಪಾರಿಜಾತದ ಕೆಳಗೆ ಅವರನ್ನು ಕೂರಿಸಿಕೊಂಡು, "ಸ್ವಾಮೀ, ಒಳಗೆ ಹಾಕಿ ತಿರುಗಿಸ್ಬೇಡಿ, ಹೊರಗಿಂದ ಹಾಗೇ ಎಳೀರಿ" ಎಂದು ದಾಟಿಸಿದ್ದನ್ನು ಊರೇ ನೋಡಿತು. ಅರ್ಚಕರು ದಿನವೂ ಸ್ನಾನಕ್ಕೆ ಮುಂಚೆ ಆ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹೊಸ ಚಿಟಿಕೆಗಳೂ ಆಗೊಂದು ಈಗೊಂದು ಹುಟ್ಟುತ್ತವೆ. ಅವಕ್ಕೆ ದಾಟಿಸುವವರು ಇರುವುದಿಲ್ಲ, ತಾನೇ ಕಂಡುಕೊಳ್ಳಬೇಕು. ಒಂದು ಸುತ್ತು ಯಾರ ಕೈಗೂ ಸಿಗದೆ ಉಳಿದ ಚಿಟಿಕೆ ಮುಂದಿನ ಗಾಳಿಗೆ ಊರನ್ನೇ ಬಿಟ್ಟು ಹೋಗುತ್ತದೆ. ಸೀಮೆಎಣ್ಣೆ ದೀಪದ ಗಾಜು ಒರೆಸುವ ಸುಖ ನಮ್ಮತ್ತೆಯ ಕಾಲಕ್ಕೇ ಹಾಗೆ ಹೋಯಿತಂತೆ. ಈಗ ಎಷ್ಟು ಒರೆಸಿದರೂ ಕೈಗೆ ಮಸಿ ಅಷ್ಟೇ.

ನನ್ನ ಹೆಸರು ಶಿವಗಂಗಮ್ಮ. ಎಲ್ಲರ ಬಾಯಲ್ಲಿ ಗಂಗಕ್ಕ. ನಮ್ಮ ಯಜಮಾನರು ಈ ಊರಿನ ನೀರುಗಂಟಿಯಾಗಿದ್ದರು. ಬೆಳಗ್ಗೆ ಹೋಗಿ ಬೀದಿಬೀದಿಗೆ ನೀರು ಬಿಟ್ಟು ಬಂದರೆ ಮಧ್ಯಾಹ್ನವೆಲ್ಲ ಮನೆಯಲ್ಲೇ. ನಡುಮನೆಯ ಕುರ್ಚಿಯಲ್ಲಿ ಪೇಪರು ಅಗಲಿಸಿಕೊಂಡು ಕೂತರೆ ಅವರಿದ್ದಾರೋ ಇಲ್ಲವೋ ಎಂದು ಬಂದು ನೋಡಬೇಕು, ಅಷ್ಟು ಮೌನ. ಆ ಮೌನಕ್ಕೂ ಸೇರಿಸಿ ಮಾತಾಡುವ ಕೆಲಸ ನನ್ನದಾಗಿತ್ತು. ಇಟ್ಟ ವಸ್ತು ಇಟ್ಟ ಕಡೆ ಸಿಗದಿದ್ದರೆ ನನಗೆ ಬಾಯಿ ನಿಲ್ಲುವುದಿಲ್ಲ. ಸೌಟನ್ನೂ ಬೈಯುತ್ತೇನೆ, ಸೌಟು ತಗುಲಿಹಾಕಿದ್ದ ಮೊಳೆಯನ್ನೂ ವಿಚಾರಿಸುತ್ತೇನೆ. ನಮ್ಮಮ್ಮನಿಗೂ ಇದೇ ಚಾಳಿಯಿತ್ತು. ಅವರಿದ್ದ ಕೊನೆಯ ವರ್ಷವಂತೂ ನಮ್ಮ ಮನೆಯಲ್ಲಿ ದಿನಕ್ಕೊಂದು ವಸ್ತು ಕಾಣೆಯಾಗುತ್ತಿತ್ತು, ಹಾಗಾಗಿ ನನ್ನ ಗೊಣಗಾಟಕ್ಕೆ ರಜವೇ ಇರಲಿಲ್ಲ.

ಅವರ ಕೊನೆಯ ವರ್ಷ ಗಾಳಿ ಮಗ್ಗುಲಾದಾಗ ಅವರೂ ಎಲ್ಲರಂತೆ ತಡಕಿದರು. ವಾರ ಕಳೆದ ಮೇಲೆ ನಾನೇ ಕೇಳಿದೆ.

"ಏನ್ರೀ, ಸಿಕ್ತಾ?"

"ಇಲ್ಲ ಕಣೇ ಗಂಗಾ. ನಂದು ಹೊಸದೇನೋ. ಈ ವರ್ಷ ಸಿಗೋ ಹಾಗೆ ಕಾಣಲ್ಲ ಬಿಡು."

ಚಿಟಿಕೆ ಸಿಗದವರ ಮುಖ ಹೇಗಿರುತ್ತದೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನೆರಳಿನಲ್ಲಿಟ್ಟ ತುಳಸಿಯಂತೆ ಬಾಡುತ್ತಾರೆ. ಇವರು ಬಾಡಲಿಲ್ಲ. ಒಮ್ಮೊಮ್ಮೆ ನಾನು ನಡುಮನೆಗೆ ಬಂದರೆ ಪೇಪರಿನ ಹಿಂದೆ ಮುಖ ಅರಳಿರುತ್ತಿತ್ತು. "ಏನದು ಅಷ್ಟು ನಗೋ ಸುದ್ದಿ?" ಎಂದರೆ "ಏನೂ ಇಲ್ಲ, ಮಳೆ ಬರುತ್ತಂತೆ" ಎನ್ನುತ್ತಿದ್ದರು. ಮಳೆಗೆ ಯಾರಾದರೂ ನಗುತ್ತಾರೆಯೇ? ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಮುಂದಿನ ಗಾಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಮಧ್ಯಾಹ್ನ, ಊಟಕ್ಕೆ ಮುಂಚೆ ಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ ಹೋಗಿಬಿಟ್ಟರು. ನಾನು ಒಳಗೆ ಹಪ್ಪಳದ ಡಬ್ಬಿಯ ಮುಚ್ಚಳ ಕಾಣದೆ ಲೋಕಕ್ಕೆಲ್ಲ ಶಾಪ ಹಾಕುತ್ತಿದ್ದೆ. ಬಂದು ನೋಡಿದರೆ ಮುಖದಲ್ಲಿ ನಗು ಹಾಗೇ ಇತ್ತು. ನಿದ್ದೆ ಎಂದುಕೊಂಡು ಎಲೆ ಹಾಕಿ, ಅನ್ನ ಬಡಿಸಿ, ಆಮೇಲೆ ಕರೆದೆ.

ಅವರು ಹೋದ ಮೇಲೆ ಮನೆ ನೆಟ್ಟಗಾಯಿತು. ಇಟ್ಟದ್ದು ಇಟ್ಟಲ್ಲೇ ಇರತೊಡಗಿತು. ಕನ್ನಡಕ ಗೂಡಿನಲ್ಲಿ, ಸೌಟು ಮೊಳೆಯಲ್ಲಿ, ಸೂಜಿ ದಾರದುಂಡೆಯಲ್ಲಿ. ಒಬ್ಬಳೇ ಇರುವ ಮನೆಯಲ್ಲಿ ಕಳೆಯುವುದಕ್ಕಾದರೂ ಏನಿರುತ್ತದೆ ಎಂದುಕೊಂಡೆ. ಹಿಂದೆ ಕಳೆದ ಕೆಲವು ವಸ್ತುಗಳ ಹಾಗೆ ಆ ಮುಚ್ಚಳವೂ ಸಿಗಲೇ ಇಲ್ಲ. ಹುಡುಕುವ ಮನಸ್ಸೂ ಆಗದೆ ಡಬ್ಬಿಗೆ ತಟ್ಟೆ ಮುಚ್ಚಿಟ್ಟೆ. ನನ್ನ ಬಾಯಿ ತಾನಾಗಿಯೇ ನಿಂತಿತು. "ಗಂಗಕ್ಕ ಪಾಪ ಮೆತ್ತಗಾದ್ರು" ಎಂದು ಬೀದಿಯವರು ಮಾತಾಡಿಕೊಂಡರು.

ಸೂತಕ ಕಳೆಯುವಷ್ಟರಲ್ಲಿ ಗಾಳಿ ಮಗ್ಗುಲಾಯಿತು. ನನಗೆ ತಡಕುವ ಇಷ್ಟವಿರಲಿಲ್ಲ. ಆದರೆ ಚಿಟಿಕೆಗೆ ಸಾವು ನೋವು ಗೊತ್ತಾಗುವುದಿಲ್ಲ. ಅಕ್ಕಿ ಅಳೆಯಲು ಮೂಟೆಯೊಳಗೆ ಕೈ ಹಾಕಿದೆನೋ ಇಲ್ಲವೋ, ಮೊಣಕೈವರೆಗೆ ತಣ್ಣಗೆ ಹರಿದು ಎದೆಯೊಳಗೆ ಏನೋ ಸಡಿಲವಾಯಿತು. ಗಂಡ ಸತ್ತ ವರ್ಷವೂ ನಾಚಿಕೆಯಿಲ್ಲದೆ ಸುಖ ಬರುತ್ತದಲ್ಲ ಎಂದು ಮೂಟೆಯ ಮುಂದೆ ಕೂತು ಅತ್ತೆ, ಕೈ ಮಾತ್ರ ತೆಗೆಯಲಿಲ್ಲ. ಹಿಂದಿನ ವರ್ಷ ಅದು ದರ್ಜಿ ಕಾಳಾಚಾರಿಯದಾಗಿತ್ತಂತೆ. ಅವನು ಬಂದು, "ತಳ ಮುಟ್ಬೇಡಿ ಗಂಗಕ್ಕ, ನಡುವಲ್ಲೇ ಬೆರಳು ಬಿಡಿಸಿ" ಎಂದು ದಾಟಿಸಿ, ಬೆಲ್ಲ ತಿಂದು ಹೋದ.

ಹೀಗೆ ಒಬ್ಬೊಬ್ಬರದೇ ಸಿಗುತ್ತಾ ಬಂದು ಕೊನೆಗೆ ಊರಿನಲ್ಲಿ ಬರಿಗೈಯಲ್ಲಿ ಉಳಿದವರು ಒಬ್ಬರೇ. ನಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡ ಮನೆಯ ಹೊನ್ನಯ್ಯನವರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ದೊಡ್ಡ ಗಂಟಲಿನ, ತಮಾಷೆಯ ಮನುಷ್ಯ. ಬೀದಿಯಲ್ಲಿ ಎಮ್ಮೆ ಅಡ್ಡ ನಿಂತರೂ "ಮುಂದೆ ಹೋಗಮ್ಮ, ಒಳಗೆ ಖಾಲಿ ಇದೆ" ಎನ್ನುತ್ತಿದ್ದವರು. ಅವರು ಊಟ ಬಿಟ್ಟರು, ಮಾತು ಬಿಟ್ಟರು, ತಿಂಗಳುಗಳು ಕಳೆದಂತೆ ಅಂಗಿ ಗೂಟಕ್ಕೆ ಹಾಕಿದ ಹಾಗೆ ಮೈಮೇಲೆ ಜೋಲತೊಡಗಿತು. ಒಂದು ದಿನ ಅವರ ಹೆಂಡತಿ ಪುಟ್ಟಲಕ್ಷ್ಮಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹೊಸ್ತಿಲ ಮೇಲೆ ಕೂತಳು.

"ಗಂಗಕ್ಕ, ಊರಲ್ಲಿ ಎಲ್ಲರ್ದೂ ಲೆಕ್ಕಕ್ಕೆ ಸಿಕ್ತು. ಸಿಗ್ದೇ ಇರೋರು ನಮ್ಮನೆಯೋರು ಒಬ್ರೇ. ಹೇಳ್ದೇ ಹೋದೋರು ನಿಮ್ಮನೆಯೋರು ಒಬ್ರೇ."

ನಮ್ಮವರ ಚಿಟಿಕೆಯೇ ಈ ವರ್ಷ ಹೊನ್ನಯ್ಯನವರ ಪಾಲಿಗೆ ಬಂದಿದೆ ಎಂಬುದು ಅವಳ ಲೆಕ್ಕ. "ಅವರಿಗೆ ಸಿಕ್ಕಿರಲಿಲ್ಲ ಕಣೇ. ನನ್ನ ಹತ್ರ ಹಾಗೇ ಹೇಳಿದ್ರು" ಎಂದೆ.

"ಸಿಗದೋರು ಹಂಗಿರ್ತಾರಾ? ಹೋದಾಗಲೂ ಮುಖದಾಗೆ ನಗು ಇತ್ತಲ್ಲ, ನಾನೇ ನೋಡ್ದೆ. ಅಣ್ಣಂಗೆ ಸಿಕ್ಕಿತ್ತು. ಏನು ಅಂತ ಹೇಳ್ಬಿಡಿ, ನಿಮ್ಮ ದಮ್ಮಯ್ಯ. ಇಲ್ದಿದ್ರೆ ನಮ್ಮೋರು ಉಳಿಯಲ್ಲ."

ಅವರ ಚಿಟಿಕೆ ಇನ್ನೂ ಊರಿನಲ್ಲೇ ಇದೆ, ಗೋಡೆಯ ಆಚೆಯ ಮನುಷ್ಯನೊಳಗೆ ಇದೆ, ಮುಂದಿನ ಗಾಳಿಯೊಳಗೆ ಸಿಗದಿದ್ದರೆ ಅದೂ ಹೋಗುತ್ತದೆ. ಅವರದೆಂದು ಈ ಲೋಕದಲ್ಲಿ ಉಳಿದಿದ್ದ ಬೆಚ್ಚಗಿನದು ಅದೊಂದೇ. ಅದು ಏನೆಂದು ಅವರ ಜೊತೆ ಬಾಳಿದ ನನಗೇ ಗೊತ್ತಿಲ್ಲ.

ಮಾರನೆಯ ದಿನದಿಂದ ಹೊನ್ನಯ್ಯನವರನ್ನು ನಮ್ಮ ಮನೆಯಲ್ಲಿ ಕೂರಿಸಿ ತಡಕಿಸತೊಡಗಿದೆವು. ನಮ್ಮವರು ಮಾಡುತ್ತಿದ್ದ ಒಂದೊಂದನ್ನೂ ಅವರಿಂದ ಮಾಡಿಸಿದೆವು. ಅದೇ ಕುರ್ಚಿಯಲ್ಲಿ ಕೂತರು. ಅದೇ ಪೇಪರು ಬಿಡಿಸಿದರು. ನಮ್ಮವರ ಹಳೆಯ ಚಪ್ಪಲಿಗೆ ಕಾಲು ತೂರಿಸಿದರು, ಅವರ ನಶ್ಯ ಏರಿಸಿ ಕಣ್ಣು ಮೂಗೆಲ್ಲ ನೀರಾಗಿಸಿಕೊಂಡರು. ಹೊಸ ನೀರುಗಂಟಿ ತಿಪ್ಪೇಶಿಯ ಜೊತೆ ಹೋಗಿ ನೀರೂ ಬಿಟ್ಟು ಬಂದರು, ಅವತ್ತು ಕೆಳಗಿನ ಬೀದಿಯವರ ಅಂಗಳವೆಲ್ಲ ಕೆರೆಯಾಯಿತು. ನಾನು ರಿವಾಜಿನಂತೆ ಅಡುಗೆಮನೆಯ ಬಾಗಿಲಲ್ಲಿ ತುಟಿ ಹೊಲಿದುಕೊಂಡು ನಿಂತಿರುತ್ತಿದ್ದೆ. ಪುಟ್ಟಲಕ್ಷ್ಮಿ ಬಳೆಯ ಸದ್ದೂ ಆಗಬಾರದೆಂದು ಕೈಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಮನೆ ಗವಿಯಂತಿರುತ್ತಿತ್ತು. ಕೊನೆಗೆ ಹೊನ್ನಯ್ಯನವರು ಎದ್ದು, "ಏನೂ ಇಲ್ಲ ಅಕ್ಕಾ. ಕುರ್ಚಿ ಕುರ್ಚಿ ಥರಾನೇ ಇದೆ" ಎಂದು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಸುದ್ದಿ ಹರಡಿತು. ಗಂಡನ ಚಿಟಿಕೆ ಹೆಂಡತಿಗೇ ಗೊತ್ತಿಲ್ಲವಂತೆ! ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ರಿವಾಜಿನ ವಿಷಯ ಬಂದರೆ ಊರಿಗೆಲ್ಲ ತಾನೇ ಅತ್ತೆ ಎಂಬಂತಿದ್ದ ಮುದುಕಿ ಚೆನ್ನಾಜಮ್ಮ ಕೋಲೂರಿಕೊಂಡು ಮನೆಗೇ ಬಂದಳು.

"ಗಂಗಾ, ನೇರ ಕೇಳ್ತೀನಿ ಬೇಜಾರಾಗ್ಬೇಡ. ಹೇಳ್ಕೊಳ್ಳೋ ಅಂಥದ್ದಾಗಿದ್ರೆ ಅವ್ನು ಬೆಲ್ಲ ಹಂಚ್ತಿದ್ದ. ಹಂಚ್ಲಿಲ್ಲ. ಅಂದ್ಮೇಲೆ ಅದು ಈ ಮನೇಲಿದ್ದ ಸುಖ ಅಲ್ಲ. ನೀರು ಬಿಡೋನು ಬೀದಿ ಬೀದಿ ತಿರುಗ್ತಾನೆ, ಯಾವ ಬಾಗಿಲಲ್ಲಿ ಏನಿತ್ತೋ."

ನಾನು ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಅಂಥ ಮನುಷ್ಯರಲ್ಲ ಎಂದು ಯಾರ ಎದುರು ಬೇಕಾದರೂ ಹೇಳಿಯೇನು, ಆದರೆ ಮುಚ್ಚಿಟ್ಟದ್ದಂತೂ ನಿಜವಾಗಿತ್ತು. ನನ್ನ ಹತ್ತಿರ ಸುಳ್ಳು ಹೇಳಿದ್ದೂ ನಿಜವಾಗಿತ್ತು. ಅವರ ಸುಖ ನನ್ನ ಮನೆಯಲ್ಲಿ ಇತ್ತೋ ಇಲ್ಲವೋ ಎಂಬುದೊಂದೇ ಪ್ರಶ್ನೆ ಹಗಲೆಲ್ಲ ನನ್ನ ಕಾಲಿಗೆ ತೊಡರತೊಡಗಿತು. ಅಕ್ಕಿ ಮೂಟೆಯೊಳಗೆ ಕೈ ಇಟ್ಟು ಕೂತರೆ ಸುಖ ಬರುತ್ತಿತ್ತು, ಅದರ ಪಕ್ಕದಲ್ಲೇ ಈ ಪ್ರಶ್ನೆಯೂ ಬಂದು ಕೂರುತ್ತಿತ್ತು. ಅಳಬೇಕೋ ಬೇಡವೋ ಎಂದೇ ತಿಳಿಯುತ್ತಿರಲಿಲ್ಲ.

ಬೇಸಗೆ ಬಂತು. ಬೆಟ್ಟದ ಗಾಳಿ ಸೋತು, ಗುಡಿಯ ಬಾವುಟ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಜೋತಿತ್ತು. ಇನ್ನು ಯಾವ ದಿನ ಬೇಕಾದರೂ ಮಗ್ಗುಲಾಗಬಹುದು. ಅಂಥದೊಂದು ಮಧ್ಯಾಹ್ನ ತಿಪ್ಪೇಶಿ ಬಂದು, "ಅಕ್ಕಾ, ನನ್ನ ಹತ್ರ ಇದ್ದ ವಾಲ್ವ್ ಕೀ ಮುರಿದೋಯ್ತು. ಅಣ್ಣಾರ್ದು ಒಂದು ಉದ್ದದ್ದು ಇತ್ತಲ್ಲ, ಕೊಡಿ. ಸಂಜೆ ಬರ್ತೀನಿ" ಎಂದು ಹೇಳಿ ಹೋದ.

ಆ ಕಬ್ಬಿಣದ ಕೀಲಿಕೈ ಮಂಚದ ಕೆಳಗಿರಬೇಕಿತ್ತು, ಇರಲಿಲ್ಲ. ಅಟ್ಟ ನೋಡಿದೆ, ಬಚ್ಚಲ ಮೂಲೆ ನೋಡಿದೆ. ಬಿಸಿಲಿನ ಧಗೆ, ತಿಂಗಳುಗಟ್ಟಲೆ ನುಂಗಿಕೊಂಡ ಸಂಕಟ, ಮೈಯೆಲ್ಲ ಧೂಳು. ಯಾವಾಗ ಬಾಯಿ ತೆರೆಯಿತೋ ನನಗೇ ತಿಳಿಯಲಿಲ್ಲ.

"ಎಲ್ಲೋಯ್ತು ಇದು? ಮೊಳ ಉದ್ದದ ಕಬ್ಬಿಣ, ಇರುವೆ ಹೊತ್ಕೊಂಡ್ ಹೋಗುತ್ತಾ? ಏಯ್ ಒನಕೆ, ನೀನಂತೂ ಮೂಲೇಲಿ ನಿಂತಿದ್ದೀಯ, ನೀನಾದ್ರೂ ನೋಡ್ಬಾರ್ದಾ? ಎಲ್ರೂ ಸುಮ್ನಿರಿ. ಈ ಮನೇಲಿ ಗಂಡಸ್ರೂ ಬಾಯಿ ಬಿಡಲ್ಲ, ಒನಕೇನೂ ಬಾಯಿ ಬಿಡಲ್ಲ. ಹಂಡೇ, ನಿನ್ ಹೊಟ್ಟೇಲೇನಾದ್ರೂ ಇದೆಯೇನೇ? ಇದ್ರೆ ಮರ್ಯಾದೆಯಾಗಿ ಕಕ್ಕು. ಇಲ್ವಾ? ಇಲ್ಲ ಅಂತ ಅಷ್ಟು ಜಂಬ ಯಾಕೆ, ತಳ ನೋಡ್ಕೋ ನಿಂದು, ಒಂದು ಸಲ ಉಜ್ಜಿಸ್ಕೊಳ್ಳೋ ಯೋಗ್ಯತೆ ಇಲ್ಲ!"

ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಎಂದುಕೊಂಡೆ. ನಗು. ಯಾರೋ ತಡೆಯಲಾರದೆ, ಉಸಿರು ಸಿಕ್ಕಿಕೊಂಡು ನಗುತ್ತಿದ್ದರು.

ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಹಿತ್ತಿಲಿಗೆ ನುಗ್ಗಿ ಒಗೆಯುವ ಕಲ್ಲಿನ ಮೇಲೆ ಹತ್ತಿ ಇಣುಕಿದರೆ, ಹೊನ್ನಯ್ಯನವರು ಅವರ ಕಡೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಾರೆ. ಕಣ್ಣಲ್ಲಿ ನೀರು, ಮುಖ ಹೂವಿನಂತೆ ಅರಳಿದೆ.

"ನಾಚಿಕೆ ಆಗಲ್ವೇನ್ರೀ? ಗಂಡ ಸತ್ತೋಳು ತಲೆ ಕೆಟ್ಟು ಮಾತಾಡ್ಕೊಂಡ್ರೆ ಕದ್ದು ಕೇಳ್ಕೊಂಡು ನಗ್ತೀರಾ?"

"ಬೈರಿ ಅಕ್ಕಾ, ಬೈರಿ" ಎಂದರು ಆ ಮನುಷ್ಯ, ಎರಡೂ ಕೈ ಮುಗಿದು. "ಅಲ್ಲ, ನನಗೆ ಬೈಬೇಡಿ. ಹಂಡೆಗೆ ಬೈತಿದ್ರಲ್ಲ, ಅದನ್ನ ಬೈರಿ. ಒನಕೆಗೆ ಏನೋ ಅಂದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ."

ಗದ್ದಲಕ್ಕೆ ಪುಟ್ಟಲಕ್ಷ್ಮಿ ಓಡಿ ಬಂದಳು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸೌದೆಯ ರಾಶಿಯ ಮೇಲೆ ಧೊಪ್ಪನೆ ಕೂತು, "ಅಯ್ಯೋ ಶಿವನೇ, ಸಿಕ್ತು" ಎಂದಳು.

ನಾನು ಕಲ್ಲಿನಿಂದ ಇಳಿದೆ. ಏನು ಸಿಕ್ಕಿತು ಎಂದು ಕೇಳಲು ಧೈರ್ಯವಾಗಲಿಲ್ಲ. ಒಳಗೆ ಬಂದವಳು ಮಾಡಲು ಬೇರೇನೂ ತೋಚದೆ ಮತ್ತೆ ಕೀಲಿಕೈ ಹುಡುಕತೊಡಗಿದೆ, ಈ ಸಲ ಸದ್ದಿಲ್ಲದೆ. ಬಚ್ಚಲ ಬಾಗಿಲ ಹಿಂದೆ ಅವರ ಮಳೆಯಂಗಿ ತೂಗುತ್ತಿತ್ತು. ಅವರು ಹೋದಾಗಿನಿಂದ ಅದನ್ನು ಮುಟ್ಟಿರಲಿಲ್ಲ, ಅದರಲ್ಲಿ ಅವರ ಹೆಗಲಿನ ಆಕಾರ ಹಾಗೇ ಇತ್ತು. ಎತ್ತಿದರೆ ಅದರಡಿಯಲ್ಲಿ ಅದೇ ಮೊಳೆಗೆ ಅವರ ಕೆಲಸದ ಚೀಲ. ಚೀಲದಿಂದ ಕೀಲಿಕೈಯ ತುದಿ ಕಾಣುತ್ತಿತ್ತು. ಎಳೆದೆ. ಅದರ ಜೊತೆ ನನ್ನ ಒಗ್ಗರಣೆ ಸೌಟು ಬಂತು.

ಚೀಲವನ್ನು ನೆಲದ ಮೇಲೆ ಸುರಿದೆ. ನನ್ನ ಹಳೆಯ ಕನ್ನಡಕದ ಗೂಡು. ತಲೆಗೂದಲಿನ ಪಿನ್ನು. ನಾನು ಯಾರೋ ಕದ್ದರೆಂದು ಎರಡು ಮನೆಯವರ ಮೇಲೆ ಸಂಶಯಪಟ್ಟಿದ್ದ ಅರಿಶಿನದ ಭರಣಿಯ ಮುಚ್ಚಳ. ಹೀರೆಕಾಯಿ ಹೆರೆಯುವ ಚಾಕು, ಹಲ್ಲು ಮುರಿದ ಬಾಚಣಿಗೆ, ಬೀಗವೇ ಇಲ್ಲದ ಟ್ರಂಕಿನ ಬೀಗದಕೈ. ಎಲ್ಲದರ ಮೇಲೆ, ಕೊನೆಯದಾಗಿ ಹಾಕಿದ್ದು ಎಂದು ಗೊತ್ತಾಗುವಂತೆ, ಹಪ್ಪಳದ ಡಬ್ಬಿಯ ಮುಚ್ಚಳ.

ಕೂತುಬಿಟ್ಟೆ. ಕಳ್ಳ ಮನುಷ್ಯ! ಇಷ್ಟು ದಿನ ನನ್ನ ಮರೆವೆಂದು ನನ್ನನ್ನೇ ಬೈದುಕೊಂಡೆನಲ್ಲ, ಎಲ್ಲಾ ಇವರದೇ ಕೈವಾಡ. ನಾನು ಅತ್ತ ತಿರುಗಿದಾಗ ಬಂದು ಒಂದನ್ನು ಎತ್ತಿಕೊಳ್ಳುವುದು, ಹೋಗಿ ಪೇಪರು ಬಿಡಿಸಿಕೊಂಡು ಕೂರುವುದು, ನಾನು ಶುರುಮಾಡುವುದನ್ನೇ ಕಾಯುವುದು. ಕೊನೆಯ ಮಧ್ಯಾಹ್ನ ನಾನು ಒಳಗೆ ಆ ಮುಚ್ಚಳವನ್ನು ಬೈಯುತ್ತಿದ್ದಾಗ ಅವರು ಕೇಳುತ್ತಿದ್ದರು. ಕೇಳುತ್ತಲೇ ಹೋಗಿದ್ದರು. ಬಾಯಿಗೆ ಸೆರಗು ತುರುಕಿಕೊಂಡು ನಾನು ನಕ್ಕೆನೋ ಅತ್ತೆನೋ ಇವತ್ತಿಗೂ ಹೇಳಲಾರೆ. ಅವರ ಸುಖ ಈ ಮನೆಯಲ್ಲೇ ಇತ್ತು. ಅಡುಗೆಮನೆಯಲ್ಲಿ, ನನ್ನ ಬಾಯಲ್ಲೇ ಇತ್ತು. ನಾವಾದರೋ ರಿವಾಜು ರಿವಾಜು ಎಂದು ಆ ಬಾಯನ್ನೇ ಮುಚ್ಚಿಕೊಂಡು, ಕುರ್ಚಿಯಲ್ಲಿ ಚಪ್ಪಲಿಯಲ್ಲಿ ಹುಡುಕಿದ್ದೆವು.

ಮಾರನೆಯ ದಿನ ಹೊನ್ನಯ್ಯನವರು ಹೊಸ ಅಂಗಿ ತೊಟ್ಟು ಗೋಡೆಯ ಆಚೆ ಬಂದು ಕೂತರು. ನನಗೂ ಋಣ ತೀರಿಸುವ ಆಸೆ. ಬೇಕೆಂದೇ ಸೌಟನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟು, "ಅಯ್ಯೋ ಸೌಟು ಎಲ್ಲೋಯ್ತು" ಎಂದೆ. ನಾಟಕದ ಹೊಸ ಪಾತ್ರಧಾರಿಯ ಹಾಗೆ ಕೇಳಿಸಿತು. ಮುಂದಿನ ಮಾತು ಬರಲಿಲ್ಲ. ಹಂಡೆಯ ಮುಂದೆ ನಿಂತೆ, ಹಂಡೆ ನನ್ನನ್ನು ನೋಡಿತು, ನಾನು ಹಂಡೆಯನ್ನು ನೋಡಿದೆ. ನಾಲಗೆ ಮರದ ತುಂಡಾಗಿತ್ತು.

"ನಾನಿಲ್ಲ ಅಂದ್ಕೊಳ್ಳಿ ಅಕ್ಕಾ" ಎಂದರು ಆಚೆಯಿಂದ.

"ಇದ್ದೀರಲ್ರೀ!"

ಆಗ ಅರ್ಥವಾಯಿತು ನಮ್ಮವರು ಯಾಕೆ ಬೆಲ್ಲ ಹಂಚಲಿಲ್ಲ ಎಂದು. ಹೇಳಿದ್ದರೆ ಅವತ್ತೇ ನನ್ನ ಬಾಯಿ ನಿಲ್ಲುತ್ತಿತ್ತು. ನನ್ನ ಗಂಡ ನನ್ನ ಹತ್ತಿರ ಹೇಳಿದ ಒಂದೇ ಸುಳ್ಳು ಅದಿರಬೇಕು. ಇನ್ನೂ ಬೇರೆ ಇದ್ದರೆ ಇರಲಿ, ನಾನೀಗ ಚೀಲ ಹುಡುಕುವುದಿಲ್ಲ.

ಪುಟ್ಟಲಕ್ಷ್ಮಿ ಬೆಲ್ಲ ಪುಡಿಮಾಡಿ ತಟ್ಟೆ ತುಂಬಿಸಿದ್ದಳು. ನಾನು ಗೋಡೆಯ ಮೇಲಿಂದ ಹೊನ್ನಯ್ಯನವರನ್ನು ಕರೆದು, "ಸಿಕ್ತು ಅಂತ ಹೇಳಿ, ಏನು ಅಂತ ಹೇಳ್ಬೇಡಿ" ಎಂದು ಬೇಡಿಕೊಂಡೆ. ಹೇಳಿದರೆ ಮುಂದೆ ಯಾರ ಪಾಲಿಗೆ ಬಂದರೂ ಅವರು ನನ್ನ ಕಿಟಕಿಯ ಕೆಳಗೆ ಚಾಪೆ ಹಾಸುತ್ತಾರೆ, ನನಗೆ ಮಾತು ಬರುವುದಿಲ್ಲ, ಚಿಟಿಕೆ ಅಲ್ಲಿಗೆ ಸಾಯುತ್ತದೆ. ಹೇಳದಿದ್ದರೆ ಅದು ದಾಟಿಸುವವರಿಲ್ಲದ ಕುರುಡು ಚಿಟಿಕೆ, ಸಿಗದೆಯೂ ಹೋಗಬಹುದು. ಎರಡರಲ್ಲಿ ಯಾವುದು ಸರಿ ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಹೊನ್ನಯ್ಯನವರು, "ಒಂದು ಸಲ ಸಿಕ್ತಲ್ಲ ಅಕ್ಕಾ, ವರ್ಷದ ಹಸಿವು ಹೋಯ್ತು. ಆಯ್ತು, ಟಿಕೆಟ್ ನಂದು, ಊರು ಯಾವುದು ಅಂತ ಹೇಳಲ್ಲ" ಎಂದರು. ಅವತ್ತು ಅವರು ಬೆಲ್ಲ ಹಂಚಿದರು, ಬಾಯಿ ಬಿಡಲಿಲ್ಲ. ಚೆನ್ನಾಜಮ್ಮ ಬೆಲ್ಲ ಮುಟ್ಟದೆ ಎದ್ದು ಹೋದಳು. ಹೋಗುವಾಗ ನನ್ನ ಕಡೆ ನೋಡಿದ ನೋಟದಲ್ಲಿ ಬೈಗುಳ ಬೇಕಾದಷ್ಟಿತ್ತು.

ಗಾಳಿ ಮಗ್ಗುಲಾಯಿತು. ಅಕ್ಕಿ ಮೂಟೆ ಅಕ್ಕಿ ಮೂಟೆಯಷ್ಟೇ ಆಯಿತು. ಹೊನ್ನಯ್ಯನವರಿಗೆ ಸುಟ್ಟ ಬೆಂಕಿಕಡ್ಡಿ ಮೂಸುವ ಸುಖ ಬಂದು, ಪುಟ್ಟಲಕ್ಷ್ಮಿ ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ನನಗೇನು ಬಂದಿದೆಯೋ ಇನ್ನೂ ಸಿಕ್ಕಿರಲಿಲ್ಲ, ಅದರ ಕಡೆ ಗಮನವೂ ಇರಲಿಲ್ಲ. ನಲ್ಲಿಯಲ್ಲಿ, ಅಂಗಡಿಯಲ್ಲಿ, ಎದುರು ಸಿಕ್ಕ ಮುಖಗಳನ್ನೆಲ್ಲ ನೋಡುತ್ತಿದ್ದೆ. ನಮ್ಮವರ ಚಿಟಿಕೆ ಈಗ ಯಾರೊಳಗೆ ಇದೆಯೋ? ಕಾಳಾಚಾರಿಯೋ, ಮಸ್ತಾನ್ ಸಾಬರೋ, ಗುಮಾಸ್ತರೋ? ಮನೆಗೆ ಬಂದು ಬಾಯಿ ತೆರೆದರೆ ಅದೇ ಮರದ ನಾಲಗೆ. ಕೊಂದವಳು ನಾನೇ ಆಗಿಬಿಟ್ಟೆನೇನೋ ಎಂದು ಹೆದರಿಕೆಯಾಗುತ್ತಿತ್ತು. ಮಳೆ ಬಂದು ಹೋಯಿತು. ಮನೆಯಲ್ಲಿ ಎಲ್ಲವೂ ಇಟ್ಟಲ್ಲೇ ಇತ್ತು.

ಮೊನ್ನೆ ಮಧ್ಯಾಹ್ನ ಹಪ್ಪಳ ಸುಟ್ಟುಕೊಳ್ಳೋಣ ಎಂದು ಡಬ್ಬಿ ತೆಗೆದೆ. ಮುಚ್ಚಳ ಇರಲಿಲ್ಲ. ಬೆಳಗ್ಗೆ ನಾನೇ ಒತ್ತಿ ಹಾಕಿದ ಮುಚ್ಚಳ. ಶೆಲ್ಫಿನ ಕೆಳಗೆ ನೋಡಿದೆ, ಹಿಂದೆ ನೋಡಿದೆ.

"ಅಲ್ವೇ ಡಬ್ಬಿ, ತಲೆ ಮೇಲಿನ ಟೋಪಿ ಯಾರಿಗೆ ಕೊಟ್ಯೇ? ಈ ಥಂಡೀಲಿ ಹಪ್ಪಳ ಎಲ್ಲ ಮೆತ್ತಗಾದ್ರೆ ನಿಮ್ಮಪ್ಪ ಒಣಗಿಸ್ಕೊಡ್ತಾನಾ? ಏನೇ ಶೆಲ್ಫು, ನಿನ್ನ ಮಡಿಲಲ್ಲೇ ಇತ್ತು, ನೀನೂ ಶಾಮೀಲಾ? ಬಾಗಿಲು ತೆಗೆದಿತ್ತು ಅಂತ..."

ಅಲ್ಲಿಗೆ ನಿಂತೆ. ಹಿತ್ತಿಲ ಬಾಗಿಲು ನಿಜವಾಗಿಯೂ ತೆರೆದಿತ್ತು. ನಾನು ಹಾಕಿದ್ದ ಅಗುಳಿ ಸರಿದಿತ್ತು.

ಕಿಟಕಿಯ ಆಚೆ, ಕರಿಬೇವಿನ ಗಿಡದ ಹತ್ತಿರ, ಯಾರೋ ನಿಂತ ಕಾಲನ್ನು ಬದಲಾಯಿಸಿದ ಸದ್ದು. ಆಮೇಲೆ ಉಸಿರು ಬಿಗಿಹಿಡಿದ ಮೌನ. ಎರಡು ಹೆಜ್ಜೆ ಇಟ್ಟು ಇಣುಕಿದ್ದರೆ ಯಾರೆಂದು ತಿಳಿಯುತ್ತಿತ್ತು. ಕೋಲಿನ ತುದಿಯಂಥದೇನೋ ಗೋಡೆಗೆ ತಗುಲಿದ ಹಾಗೂ ಆಯಿತು, ಚೆನ್ನಾಜಮ್ಮನೇ ಇರಬಹುದೇ? ಅವಳು ಕುಡುಗೋಲಿನ ಹಾಗೆ ಬಾಗಿದ ಬೆನ್ನು ಹೊತ್ತು ನನ್ನ ಹಿತ್ತಿಲ ಅಗುಳಿ ಸರಿಸಿಯಾಳೇ? ಇರಲಾರದು. ಇದ್ದರೂ ಇರಬಹುದು. ಬಂದವರು ಯಾರೋ, ಅವರಿಗೆ ಇದರ ಮರ್ಮ ದಾಟಿಸಿದವರು ಯಾರೋ, ನನಗೆ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳಲೂ ಇಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತೆ. ನಾಲಗೆ ಹಿಡಿದುಕೊಳ್ಳುತ್ತದೇನೋ ಎಂದು ಕಾದೆ. ಡಬ್ಬಿಯೊಳಗೆ ಹಪ್ಪಳ ಮೆತ್ತಗಾಗುತ್ತಿತ್ತು, ಹೊಟ್ಟೆಯಲ್ಲಿ ನಿಜವಾದ ಸಿಟ್ಟು ಇತ್ತು.

"ಬಾಗಿಲು ತೆಗೆದಿತ್ತು ಅಂತ ಯಾರು ಬೇಕಾದ್ರೂ ಬಂದು ಹೋಗೋಕೆ ಇದೇನು ಛತ್ರಾನಾ?" ಎಂದು ಒನಕೆಯನ್ನು ಕೇಳಿದೆ. ಅದು ಎಂದಿನಂತೆ ಉತ್ತರ ಕೊಡಲಿಲ್ಲ. ಅದನ್ನೂ ಬೈದೆ. ಅಲ್ಲಿಂದ ಹಂಡೆಯ ಹತ್ತಿರ ಹೋದೆ. ಮುಚ್ಚಳ ಮನೆಯಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಂಚದ ಕೆಳಗೆ, ಅಟ್ಟದ ಮೇಲೆ, ಮಳೆಯಂಗಿಯ ಜೇಬಿನಲ್ಲಿ, ಬಿಸಿಲು ಅಂಗಳ ಬಿಟ್ಟು ಹೋಗುವವರೆಗೆ ನಿಧಾನವಾಗಿ ಹುಡುಕಿದೆ.